ಆಡುವ ಬಯಲು ಎಲ್ಲಿ ಹೋಯಿತು?

ರಾಯಚೂರು ಕೋಟೆಯ ಗೋಡೆಯಲ್ಲಿ ನಲವತ್ತೊಂದು ಅಡಿಗೂ ಹೆಚ್ಚು ಉದ್ದದ ಒಂದು ಅಖಂಡ ಶಿಲೆಯಿದೆ. 1294ರಲ್ಲಿ, ಕಾಕತೀಯರ ಕಾಲದಲ್ಲಿ, ಕೋಟೆ ಕಟ್ಟಿದ ಸಂಗತಿಯನ್ನು ಅದರ ಮೇಲೆ ಕೆತ್ತಲಾಗಿದೆ. ಅಷ್ಟು ದೊಡ್ಡ ಕಲ್ಲನ್ನು ಬಂಡಿಯ ಮೇಲೆ ಹೇರಿ ಎಳೆದು ತಂದ ಬಗೆಯನ್ನೂ ಅಲ್ಲಿಯೇ ಚಿತ್ರಿಸಲಾಗಿದೆ. ಆ ಬಳಿಕ ಈ ನೆಲಕ್ಕೆ ಬಹಮನಿಗಳು, ಬಿಜಾಪುರದ ಆದಿಲ್‌ಶಾಹಿಗಳು, ವಿಜಯನಗರದ ಅರಸರು, ಮೊಗಲರು, ನಿಜಾಮರು ಬಂದರು. 1513ರ ಸುಮಾರಿನ ಏಕ್ ಮಿನಾರ್ ಮಸೀದಿಯ ಬಗ್ಗೆ ಬರೆದಿದ್ದಾರೆ. 1520ರಲ್ಲಿ ಕೃಷ್ಣದೇವರಾಯನಿಗೂ ಇಸ್ಮಾಯಿಲ್ ಆದಿಲ್‌ಶಾಹನಿಗೂ ನಡೆದ ಯುದ್ಧದ ಬಗ್ಗೆ ಇನ್ನೂ ಹೆಚ್ಚು ಬರೆದಿದ್ದಾರೆ. ಆದರೆ ಕೋಟೆಯ ಒಳಗೂ ಹೊರಗೂ ಏಳು ಶತಮಾನ ಬೆಳೆದ ಮಕ್ಕಳು ಎಲ್ಲಿ ಆಡಿದರು ಎಂಬುದನ್ನು ಯಾವ ಇತಿಹಾಸಕಾರನೂ ಬರೆದಿಡಲಿಲ್ಲ.

ಮಕ್ಕಳ ಆಟಕ್ಕೆ ಶಾಸನ ಇರುವುದಿಲ್ಲ, ನಿಜ. ಆದರೆ ಗುರುತುಗಳು ಉಳಿದಿವೆ. ಹಂಪಿಯ ಮಂಟಪಗಳ ನೆಲಹಾಸಿನ ಮೇಲೆ ಆಟದ ಮಣೆಯ ಗೆರೆಗಳನ್ನು ಇಂದಿಗೂ ಕಾಣಬಹುದು. ಭಾಷೆಯಲ್ಲಿಯೂ ಗುರುತುಗಳಿವೆ. ನಾವು ದಿನವೂ ಬಳಸುವ 'ಮೈದಾನ' ಎಂಬ ಪದ ಪಾರಸಿಯಿಂದ ಬಂದದ್ದು. ಇರಾನಿನ ಇಸ್ಫಹಾನ್ ನಗರದ ನಖ್ಶೆ ಜಹಾನ್ ಮೈದಾನದಲ್ಲಿ ಹಿಂದೆ ಕುದುರೆ ಚೆಂಡಾಟ ನಡೆಯುತ್ತಿತ್ತು. ಅದರ ಗೋಲಿನ ಕಲ್ಲುಕಂಬಗಳು ಇನ್ನೂ ಅಲ್ಲಿ ನಿಂತಿವೆ. ಆ ಪದ ದಖ್ಖನಿಗೆ ಬಂದು, ನಮ್ಮ 'ಬಯಲು' ಎಂಬ ಅಚ್ಚಗನ್ನಡ ಪದದ ಪಕ್ಕದಲ್ಲಿ ಕುಳಿತು, ಮನೆಮಾತಾಯಿತು. ಒಂದೇ ಆಟವನ್ನು ಒಂದು ಮನೆಯ ಹುಡುಗ ಚಿಣಿಪಣಿ ಎಂದ, ಪಕ್ಕದ ಮನೆಯ ಹುಡುಗ ಗಿಲ್ಲಿ ಡಂಡಾ ಎಂದ. ಆಡಿದ್ದು ಇಬ್ಬರೂ ಕೂಡಿಯೇ.

ಆ ಕಾಲದಲ್ಲಿ 'ಸಾರ್ವಜನಿಕ ಆಟದ ಮೈದಾನ' ಎಂಬ ಮಾತೇ ಇರಲಿಲ್ಲ. ಅದರ ಅಗತ್ಯವೂ ಇರಲಿಲ್ಲ ಎನ್ನಬಹುದು. ಸುಗ್ಗಿ ಮುಗಿದ ಮೇಲೆ ಖಾಲಿಯಾದ ಕಣ, ನೀರಿಳಿದ ಕೆರೆಯಂಗಳ, ಕೋಟೆಯ ಕಂದಕದ ಬದಿ, ಜಾತ್ರೆಯ ಬಯಲು, ಈದ್ಗಾದ ಸುತ್ತಲಿನ ಜಾಗ, ಮೊಹರಂನ ಅಲಾವಿಯ ಮುಂದಿನ ಅಂಗಳ, ಗೋಮಾಳ ಇವೆಲ್ಲ ಮಕ್ಕಳವೇ ಆಗಿದ್ದವು. ಬೇಡ ನಾಯಕರ ಕೋಟೆಯಿದ್ದ ದೇವದುರ್ಗವಾಗಲಿ, ಜಗನ್ನಾಥದಾಸರ ಊರಾದ ಮಾನ್ವಿಯಾಗಲಿ ಈ ಮಾತಿಗೆ ಹೊರತಲ್ಲ. ಯಾರೂ ಆ ಜಾಗವನ್ನು ಮಕ್ಕಳಿಗೆಂದು ಕೊಡಲಿಲ್ಲ. ಯಾರೂ ಬೇಡ ಎನ್ನಲಿಲ್ಲ. ಹಾಗೆಂದು ಆ ಕಾಲವನ್ನು ಬಣ್ಣಿಸಿ ಹೊಗಳುವುದೂ ಸರಿಯಲ್ಲ. ಕೇರಿಯ ಮಗುವಿಗೆ ಊರ ನಡುವಿನ ಬಯಲು ಸಿಗುತ್ತಿರಲಿಲ್ಲ. ಹೆಣ್ಣುಮಕ್ಕಳ ಆಟ ಬಹುಮಟ್ಟಿಗೆ ಅಂಗಳದ ಕುಂಟಾಬಿಲ್ಲೆಯಲ್ಲಿ, ಪಡಸಾಲೆಯ ಅಳಿಗುಳಿ ಮಣೆಯಲ್ಲಿ ಮುಗಿಯುತ್ತಿತ್ತು.

ಊರಿನ ರೂಪ ಬದಲಾದದ್ದು ರೈಲಿನಿಂದ. 1853ರಲ್ಲಿ ನಿಜಾಮರಿಂದ ಬ್ರಿಟಿಷರ ಆಡಳಿತಕ್ಕೆ ಹೋಗಿದ್ದ ರಾಯಚೂರು ದೋಆಬ್ 1860ರಲ್ಲಿ ಮರಳಿ ನಿಜಾಮರ ಕೈಸೇರಿತು. 1871ರಲ್ಲಿ ಮುಂಬಯಿ ಕಡೆಯ ರೈಲುಮಾರ್ಗವೂ ಮದರಾಸಿನ ಮಾರ್ಗವೂ ರಾಯಚೂರಿನಲ್ಲಿ ಕೂಡಿದವು. ಹತ್ತಿ ಮತ್ತು ಎಣ್ಣೆಕಾಳಿನ ವ್ಯಾಪಾರ ಬೆಳೆಯಿತು. ಕೋಟೆಯೊಳಗಿನ ಊರು ಹೊರಗೆ ಹರಡಿತು. ಭೂಮಿಗೆ ಬೆಲೆ ಬಂತು. ಬೆಲೆ ಬಂದ ಭೂಮಿಗೆ ಬೇಲಿಯೂ ಬಂತು.

ಹೆಚ್ಚುಕಡಿಮೆ ಅದೇ ಶತಮಾನದಲ್ಲಿ ಯುರೋಪು, ಅಮೆರಿಕಗಳ ಕೈಗಾರಿಕಾ ನಗರಗಳು ಈ ಕಷ್ಟವನ್ನು ನಮಗಿಂತ ಮೊದಲೇ ಕಂಡವು. ಮಕ್ಕಳು ಬೀದಿಯಲ್ಲಿ ಗಾಡಿಗಳಿಗೆ ಸಿಕ್ಕಿ ಸಾಯತೊಡಗಿದಾಗ ಅವರಿಗೆ ಪ್ರತ್ಯೇಕ ಜಾಗ ಬೇಕೆಂಬ ಚಳವಳಿ ಹುಟ್ಟಿತು. 1880ರ ದಶಕದಲ್ಲಿ ಬಾಸ್ಟನ್ ನಗರದಲ್ಲಿ ಬಡಮಕ್ಕಳಿಗಾಗಿ ಮರಳು ಸುರಿದು ಆಟದ ಅಂಗಳ ಮಾಡಿದರು. ಎರಡನೇ ಮಹಾಯುದ್ಧದಲ್ಲಿ ಹಸಿದು ನೊಂದ ಆಮ್‌ಸ್ಟರ್‌ಡಾಮ್ ನಗರದ ಕೆಲಸ ಇನ್ನೂ ಗಮನಾರ್ಹ. ಅಲ್ಲಿನ ನಗರಾಡಳಿತ 1947ರಿಂದ ಸುಮಾರು ಮೂರು ದಶಕಗಳಲ್ಲಿ, ಆಲ್ಡೊ ವಾನ್ ಐಕ್ ಎಂಬ ವಾಸ್ತುಶಿಲ್ಪಿಯ ವಿನ್ಯಾಸದಲ್ಲಿ, 700ಕ್ಕೂ ಹೆಚ್ಚು ಆಟದ ಅಂಗಳಗಳನ್ನು ನಿರ್ಮಿಸಿತು. ಅದಕ್ಕಾಗಿ ದೊಡ್ಡ ಕ್ರೀಡಾಂಗಣಗಳನ್ನು ಕಟ್ಟಲಿಲ್ಲ. ಬಿದ್ದುಹೋದ ಮನೆಯ ನಿವೇಶನ, ಓಣಿಯ ಮೂಲೆ, ಖಾಲಿ ಚೌಕ ಇಂಥ ಜಾಗಗಳನ್ನೇ ಹುಡುಕಿ, ಮರಳಿನ ಗುಂಡಿ ಮತ್ತು ಕೆಲವು ಕಬ್ಬಿಣದ ಕಮಾನುಗಳನ್ನು ಹಾಕಿದರು. ಮಕ್ಕಳಿಗೆ ಜಾಗ ಕೊಡಲು ಊರು ಶ್ರೀಮಂತವಾಗಿರಬೇಕಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ನಮ್ಮಲ್ಲಿ ಆಟಕ್ಕೆ ಗೌರವ ಬಂದದ್ದು ಶಾಲೆಯ ಮೂಲಕ. ಪಂಡಿತ ತಾರಾನಾಥರು 1920ರ ಸುಮಾರಿಗೆ ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ಆರಂಭಿಸಿದರು. ಮಂಗಳೂರಿನಲ್ಲಿ ಹುಟ್ಟಿದ ಒಬ್ಬ ಕನ್ನಡಿಗ ನಿಜಾಮರ ಸೀಮೆಯಲ್ಲಿ ತನ್ನ ಶಾಲೆಗೆ 'ಸಹಾನುಭೂತಿಯುಳ್ಳವನು' ಎಂಬ ಅರ್ಥದ ಉರ್ದು ಹೆಸರಿಟ್ಟದ್ದೇ ಆ ಕಾಲದ ಮನಸ್ಸನ್ನು ಹೇಳುತ್ತದೆ. 1956ರವರೆಗೆ ರಾಯಚೂರು ಸೇರಿದ್ದ ಹೈದರಾಬಾದ್ ರಾಜ್ಯದ ಮತ್ತೊಂದು ನಿದರ್ಶನವೂ ಇದೆ. ಭಾರತದ ಫುಟ್‌ಬಾಲ್ ತಂಡಕ್ಕೆ 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆಲ್ಲಿಸಿಕೊಟ್ಟ ತರಬೇತುದಾರ ಸೈಯದ್ ಅಬ್ದುಲ್ ರಹೀಮ್ ವೃತ್ತಿಯಿಂದ ಶಾಲಾ ಶಿಕ್ಷಕರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಅವರ ತಂಡ ನಾಲ್ಕನೇ ಸ್ಥಾನ ಪಡೆಯಿತು. ಅಂಥ ಆಟಗಾರರು ಆಕಾಶದಿಂದ ಉದುರಲಿಲ್ಲ. ಸಂಜೆ ಚೆಂಡು ಒದೆಯಲು ಒಂದು ಬಯಲು, ನೋಡಿ ತಿದ್ದಲು ಒಬ್ಬ ಮೇಷ್ಟ್ರು ಇದ್ದುದರಿಂದ ಬೆಳೆದರು.

ಆಟವೆಂದರೆ ಪೋಲಿತನ, ಓದಿಗೆ ಅಡ್ಡಿ ಎಂದು ಭಾವಿಸುವವರು ಎಲ್ಲ ಸಮುದಾಯಗಳಲ್ಲೂ ಇದ್ದಾರೆ. 1111ರಲ್ಲಿ ತೀರಿಕೊಂಡ ಇಮಾಮ್ ಗಝ್ಝಾಲಿಯವರು ತಮ್ಮ 'ಇಹ್ಯಾ' ಗ್ರಂಥದಲ್ಲಿ ಇದಕ್ಕೆ ಉತ್ತರ ಹೇಳಿದ್ದಾರೆ. ಪಾಠಶಾಲೆಯಿಂದ ಬಂದ ಮಗುವಿಗೆ ಆಡಲು ಬಿಡಬೇಕು, ಆಟವನ್ನು ತಡೆದು ಸದಾ ಕಲಿಕೆಯ ಹೊರೆ ಹೇರಿದರೆ ಅದರ ಮನಸ್ಸು ಸಾಯುತ್ತದೆ, ಬುದ್ಧಿ ಮಂಕಾಗುತ್ತದೆ ಎಂಬುದು ಅವರ ಮಾತಿನ ಸಾರ. ಟ್ಯೂಷನ್‌ನಿಂದ ಟ್ಯೂಷನ್‌ಗೆ ಮಕ್ಕಳನ್ನು ಓಡಿಸುವ ನಾವು ಈ ಒಂಬತ್ತು ಶತಮಾನಗಳ ಹಿಂದಿನ ಎಚ್ಚರಿಕೆಯನ್ನು ಕೇಳಿಸಿಕೊಳ್ಳಬೇಕು.

ಸ್ವಾತಂತ್ರ್ಯಾನಂತರ ಆಟವು ಕಾಗದದ ಮೇಲೆ ಹಕ್ಕಾಯಿತು. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ವಿಶ್ರಾಂತಿ ಮತ್ತು ಆಟವನ್ನು ಮಗುವಿನ ಹಕ್ಕೆಂದು ಸಾರಿತು. ಭಾರತ 1992ರಲ್ಲಿ ಅದನ್ನು ಒಪ್ಪಿತು. ಅದೇ ವರ್ಷದ ಸಂವಿಧಾನದ 74ನೇ ತಿದ್ದುಪಡಿಯು 12ನೇ ಅನುಸೂಚಿಯಲ್ಲಿ ಉದ್ಯಾನ ಮತ್ತು ಆಟದ ಮೈದಾನಗಳನ್ನು ನಗರಾಡಳಿತದ ವಿಷಯಗಳಲ್ಲಿ ಸೇರಿಸಿತು. 2010ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಗೂ ಮೈದಾನ ಇರಬೇಕೆಂದಿತು. ಆದರೆ ಅದರ ಅನುಸೂಚಿಯಲ್ಲಿ ಮೈದಾನ ಎಷ್ಟು ದೊಡ್ಡದಿರಬೇಕೆಂದು ಹೇಳಿಲ್ಲ. ಹಾಗಾಗಿ ಧ್ವಜಕಂಬದ ಸುತ್ತಲಿನ ಅಂಗಳವನ್ನೂ ಮೈದಾನದ ಲೆಕ್ಕಕ್ಕೆ ಹಾಕಲು ಅವಕಾಶ ಉಳಿಯಿತು.

ಕರ್ನಾಟಕದಲ್ಲಿ ಇದಕ್ಕೂ ಮೊದಲೇ, 1985ರಲ್ಲಿ, ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆಗೆ ಪ್ರತ್ಯೇಕ ಕಾಯ್ದೆ ಬಂದಿತ್ತು. ಅಂಥ ಜಾಗವನ್ನು ಬೇರೆ ಉದ್ದೇಶಕ್ಕೆ ಬಳಸದಂತೆ ಕಾಪಾಡುವುದು ಅದರ ತಿರುಳು. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯ ಪ್ರಕರಣವಂತೂ ದೇಶಕ್ಕೇ ಮಾದರಿಯಾಯಿತು. ಅಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ನಿವೇಶನವನ್ನು ಖಾಸಗಿ ಆಸ್ಪತ್ರೆ ಕಟ್ಟಲು ಒಂದು ಟ್ರಸ್ಟಿಗೆ ಕೊಡಲಾಗಿತ್ತು. ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. 1991ರಲ್ಲಿ ಸುಪ್ರೀಂ ಕೋರ್ಟು ಆ ಹಂಚಿಕೆ ನಿಲ್ಲದು ಎಂದಿತು. ಆಸ್ಪತ್ರೆ ಒಳ್ಳೆಯ ಕೆಲಸವೇ. ಆದರೆ ಸಾರ್ವಜನಿಕರ ಬಯಲನ್ನು ಕಿತ್ತುಕೊಂಡು ಮಾಡಬೇಕಾದ ಕೆಲಸವಲ್ಲ.

ಬೆಂಗಳೂರಿನ ನಿವಾಸಿಗಳಿಗೆ ವಕೀಲರಿದ್ದರು, ಬಡಾವಣೆಯ ನಕ್ಷೆಯಿತ್ತು. ದೇವದುರ್ಗದ, ಮಾನ್ವಿಯ ಕೂಲಿಕಾರರ ಓಣಿಯಲ್ಲಿ ಅವೆರಡೂ ಇರುವುದಿಲ್ಲ. 2002ರಲ್ಲಿ ವರದಿ ಕೊಟ್ಟ ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 39 ತಾಲೂಕುಗಳನ್ನು 'ಅತ್ಯಂತ ಹಿಂದುಳಿದವು' ಎಂದು ಗುರುತಿಸಿತು. ಈ ಎರಡೂ ಅದರಲ್ಲಿದ್ದವು. ಹಿಂದುಳಿದಿರುವಿಕೆ ಎಂದಾಗ ನಾವು ರಸ್ತೆ, ನೀರಾವರಿ, ಆಸ್ಪತ್ರೆ, ಶಾಲಾ ಕೊಠಡಿಗಳನ್ನು ಎಣಿಸುತ್ತೇವೆ. ಹತ್ತಿ ಬಿಡಿಸಲು ಹೋಗುವ ಮಗುವಿನ ಕಳೆದುಹೋದ ಸಂಜೆಯನ್ನು ಯಾರೂ ಎಣಿಸುವುದಿಲ್ಲ. 371(ಜೆ) ವಿಧಿಯಡಿ ಈ ಪ್ರದೇಶಕ್ಕೆ ಬರುವ ಅನುದಾನದ ಚರ್ಚೆಯಲ್ಲಿ ಮಕ್ಕಳ ಮೈದಾನದ ಮಾತು ಕೇಳಿಬರುವುದು ಅಪರೂಪ.

ರಾಯಚೂರು ನಗರದಲ್ಲಿ 2011ರ ಜನಗಣತಿಯಂತೆ ಸುಮಾರು 2.34 ಲಕ್ಷ ಜನರಿದ್ದರು. ನಗರಕ್ಕೆ ಮಹಾತ್ಮ ಗಾಂಧಿ ಜಿಲ್ಲಾ ಕ್ರೀಡಾಂಗಣವಿದೆ. ಕ್ರೀಡಾಂಗಣ ಬೇಕೇ ಬೇಕು. ಆದರೆ ಅದು ಓಟಗಾರರಿಗೆ, ತಂಡಗಳಿಗೆ. ಆರು ವರ್ಷದ ಮಗು ಲಾರಿ, ಆಟೋಗಳ ರಸ್ತೆ ದಾಟಿ ಒಂಟಿಯಾಗಿ ಅಲ್ಲಿಗೆ ಹೋಗಲಾರದು. ಮಗುವಿನ ಮೈದಾನ ತಾಯಿಯ ಕೂಗು ಕೇಳುವಷ್ಟು ದೂರದಲ್ಲಿರಬೇಕು. ತಾಲೂಕು ಕೇಂದ್ರಗಳಲ್ಲಿ ಸರ್ಕಾರಿ ಶಾಲೆ, ಕಾಲೇಜುಗಳ ಬಯಲೇ ಇಡೀ ಊರಿನ ಮೈದಾನದ ಕೆಲಸ ಮಾಡುತ್ತ ಬಂದಿದೆ. ಸಭೆ, ಸಮಾವೇಶ, ವಸ್ತುಪ್ರದರ್ಶನಗಳೂ ಅಲ್ಲಿಯೇ. ಪೆಂಡಾಲ್ ಬಿಚ್ಚಿದ ಮೇಲೆ ಉಳಿಯುವ ಗುಂಡಿ, ಮೊಳೆ, ಗಾಜಿನ ಚೂರು ಮಕ್ಕಳ ಪಾಲಿಗೆ. ಗೇಟಿಗೆ ಬೀಗ ಬಿದ್ದ ದಿನ ಮಕ್ಕಳು ರಸ್ತೆಗೆ, ಕಾಲುವೆಯ ದಂಡೆಗೆ, ಕ್ವಾರಿಯ ಹೊಂಡದ ಕಡೆಗೆ ಹೋಗುತ್ತಾರೆ. ಇಂಥ ಜಾಗಗಳಲ್ಲಿ ಮಗು ಮುಳುಗಿತೆಂಬ ಸುದ್ದಿ ಬಂದಾಗ ನಾವು ತಂದೆತಾಯಿಯ ಅಜಾಗ್ರತೆಯನ್ನು ದೂರುತ್ತೇವೆ, ಮುಚ್ಚಿದ ಗೇಟನ್ನು ದೂರುವುದಿಲ್ಲ.

ಜಾಗವಿದ್ದರೆ ಸಾಲದು, ಅದರ ಗುಣವೂ ಮುಖ್ಯ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಈ ಸೀಮೆಯಲ್ಲಿ ನೆರಳಿಲ್ಲದ ಕಡೆ ಹಾಕಿದ ತಗಡಿನ ಜಾರುಬಂಡೆ ಕಾದ ಹಂಚಾಗುತ್ತದೆ. ಸಿಮೆಂಟ್ ಹಾಸು ಉದ್ಘಾಟನೆಯ ದಿನ ಚೆನ್ನಾಗಿ ಕಾಣುತ್ತದೆ, ಬಿದ್ದ ಮಗುವಿನ ಮೊಣಕಾಲು ಒಡೆಯುತ್ತದೆ. ಬೇಕಾದದ್ದು ಹದ ಮಾಡಿದ ಮಣ್ಣು, ನಾಲ್ಕಾರು ಬೇವಿನ ಮತ್ತು ಹೊಂಗೆಯ ಮರ, ಕುಡಿಯುವ ನೀರು, ಶೌಚಾಲಯ, ಚಿಕ್ಕ ಮಕ್ಕಳಿಗೊಂದು ಮೂಲೆ, ಒಳಗಿನ ಮಗು ಹೊರಗಿನವರಿಗೆ ಕಾಣುವಂಥ ತಗ್ಗು ಗೋಡೆ. ಹೆಣ್ಣುಮಕ್ಕಳು ನಿರ್ಭಯವಾಗಿ ಬರುವಂತಿರಬೇಕು. ಹತ್ತು ವರ್ಷ ತುಂಬುತ್ತಲೇ ಮಗಳನ್ನು ಮನೆಯೊಳಗೆ ಕೂರಿಸಿ, ಮಗನನ್ನು ಬಯಲಿಗೆ ಕಳಿಸುವ ಪದ್ಧತಿಗೆ ಮೈದಾನ ಇಲ್ಲದಿರುವುದು ಒಂದು ನೆಪವೂ ಆಗಿದೆ.

ಈಗ ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ನಮ್ಮ ವಾರ್ಡಿನಲ್ಲಿ ಬಡಾವಣೆಗೆ ಅನುಮೋದನೆ ಕೊಡುವಾಗ ಮಕ್ಕಳಿಗೆಂದು ಬಿಟ್ಟ ಜಾಗ ಯಾವುದು, ಸರ್ವೆ ಸಂಖ್ಯೆ ಯಾವುದು, ಅಳತೆ ಎಷ್ಟು, ಇಂದು ಅಲ್ಲಿ ಏನಿದೆ ಎಂಬ ನಾಲ್ಕು ಪ್ರಶ್ನೆಗಳನ್ನು ನಗರಾಡಳಿತಕ್ಕೆ ಲಿಖಿತವಾಗಿ ಕೇಳಬೇಕು. 2005ರ ಮಾಹಿತಿ ಹಕ್ಕು ಕಾಯ್ದೆ ಇದಕ್ಕೆ ದಾರಿ ಮಾಡಿಕೊಟ್ಟಿದೆ, ಅರ್ಜಿಗೆ ತಗಲುವ ಖರ್ಚೂ ಅಲ್ಪ. ಉತ್ತರ ಬಂದ ಮೇಲೆ ಓಣಿಯ ಹಿರಿಯರು, ಮಸೀದಿ ಮತ್ತು ದೇವಸ್ಥಾನ ಸಮಿತಿಯವರು, ಶಾಲೆಯ ಮೇಷ್ಟ್ರುಗಳು ಕೂಡಿ ಆ ಜಾಗಕ್ಕೆ ಹೋಗಿ ಅಳೆಯಲಿ. ಒತ್ತುವರಿಯಾಗಿದ್ದರೆ ಬಿಡಿಸಲು ಅರ್ಜಿ ಕೊಡಲಿ. ಖಾಲಿಯಿದ್ದರೆ ಮಳೆಗಾಲಕ್ಕೆ ಮುನ್ನ ನಾಲ್ಕು ಸಸಿ ನೆಟ್ಟು, ಅಳತೆ ಬರೆದ ಒಂದು ಫಲಕ ಹಾಕಿ, ಮಕ್ಕಳನ್ನು ಒಳಗೆ ಬಿಡಲಿ.