ಯಂತ್ರವಿಲ್ಲದೆ ಹರಿದ ನೀರು: ಆದಿಲ್‌ಶಾಹಿ ಬಿಜಾಪುರದ ಗಂಜ್‌ಗಳು

ಬಿಜಾಪುರ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಗೋಲಗುಂಬಜ್. ಆದರೆ ಆ ಗುಂಬಜನ್ನು ಕಟ್ಟಿದ ಸಾವಿರಾರು ಕೈಗಳಿಗೆ, ಅಲ್ಲಿನ ಮಸೀದಿಗಳಲ್ಲಿ ವುಝೂ ಮಾಡಿದ ಜನಸ್ತೋಮಕ್ಕೆ ನೀರು ಎಲ್ಲಿಂದ ಬಂತು ಎಂದು ನಾವು ಕೇಳುವುದು ವಿರಳ. ಕೃಷ್ಣಾ, ಭೀಮಾ ನದಿಗಳ ನಡುವಿನ ಆ ಬಯಲು ಮಳೆ ಕಡಿಮೆಯಿರುವ ನಾಡು. ನಗರವು ಯಾವ ದೊಡ್ಡ ನದಿಯ ದಡದಲ್ಲೂ ಇಲ್ಲ. ಅಲ್ಲಿ ರಾಜಧಾನಿಯನ್ನು ಬೆಳೆಸುವುದೆಂದರೆ ಮೊದಲು ನೀರನ್ನು ಹೊಂದಿಸುವುದೇ ಆಗಿತ್ತು.

ಒಂದನೆಯ ಅಲಿ ಆದಿಲ್‌ಶಾಹನು 1579ರಲ್ಲಿ ಚಾಂದ್ ಬಾವಡಿಯನ್ನು ಕಟ್ಟಿಸಿದನು. ಎರಡನೆಯ ಇಬ್ರಾಹೀಮ್ ಆದಿಲ್‌ಶಾಹನ ಕಾಲದಲ್ಲಿ, 1620ರಲ್ಲಿ, ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ ತಾಜ್ ಬಾವಡಿ ಸಿದ್ಧವಾಯಿತು. ಅದರ ಭವ್ಯ ಕಮಾನಿನ ಇಕ್ಕೆಲಗಳಲ್ಲಿ ಅಷ್ಟಕೋನದ ಬುರುಜುಗಳಿವೆ; ಪಕ್ಕದಲ್ಲಿ ದಾರಿಹೋಕರು ತಂಗಲು ಕೋಣೆಗಳಿದ್ದವು. ಬಾಯಾರಿ ಬಂದ ಅಪರಿಚಿತನಿಗೂ ಅರಮನೆಯ ಬಾಗಿಲಿನಷ್ಟೇ ಸುಂದರವಾದ ಬಾಗಿಲು!

ಬಾವಿಗಳಷ್ಟೇ ಸಾಲಲಿಲ್ಲ. ನಗರದ ಪಶ್ಚಿಮಕ್ಕಿರುವ ತೊರವಿಯಿಂದ ಸುರಂಗದ ಮೂಲಕ ನೀರನ್ನು ತರಲಾಯಿತು. 1651ರಲ್ಲಿ ಮುಹಮ್ಮದ್ ಆದಿಲ್‌ಶಾಹನು ದಕ್ಷಿಣದಲ್ಲಿ ಬೇಗಂ ತಲಾಬನ್ನು ಕಟ್ಟಿಸಿದನು. ಅಲ್ಲಿಂದ ಗಾರೆಯಲ್ಲಿ ಹುದುಗಿಸಿದ ಸುಟ್ಟಮಣ್ಣಿನ ಕೊಳವೆಗಳು ನೆಲದಡಿಯಲ್ಲಿ ನಗರದತ್ತ ಸಾಗಿದವು. ನೀರನ್ನು ನೂಕಲು ಯಂತ್ರವಿರಲಿಲ್ಲ. ನೆಲದ ಇಳಿಜಾರೇ ಅದನ್ನು ಮುನ್ನಡೆಸಿತು.

ಇಲ್ಲೊಂದು ತೊಡಕಿತ್ತು. ಕೊಳವೆ ತಗ್ಗಿಗೆ ಇಳಿದಷ್ಟೂ ಒಳಗಿನ ಒತ್ತಡ ಹೆಚ್ಚುತ್ತದೆ. ಮಣ್ಣಿನ ಕೊಳವೆ ಅದನ್ನು ತಾಳದೆ ಒಡೆಯುತ್ತದೆ. ಇದಕ್ಕೆ ಅಂದಿನ ಕುಶಲಕರ್ಮಿಗಳು ಕಂಡುಕೊಂಡ ಪರಿಹಾರವೇ ‘ಗಂಜ್’ ಎಂಬ ಕಲ್ಲಿನ ನೀರುಗೋಪುರ. ದಾರಿಯುದ್ದಕ್ಕೂ ಅಲ್ಲಲ್ಲಿ ನಿಂತ ಈ ಗೋಪುರಗಳೊಳಗೆ ನೀರು ಮೇಲೇರಿ, ತೆರೆದ ಗಾಳಿಯನ್ನು ಮುಟ್ಟಿ, ಒತ್ತಡವನ್ನು ಕಳೆದುಕೊಂಡು ಮುಂದಿನ ಕೊಳವೆಗೆ ಇಳಿಯುತ್ತಿತ್ತು. ಜೊತೆಗೆ ಮಣ್ಣು, ಕಸ ತಳದಲ್ಲಿ ಉಳಿದು ತಿಳಿನೀರು ಮುಂದೆ ಸಾಗುತ್ತಿತ್ತು. ಒಂದೇ ಕಟ್ಟಡ ಕೊಳವೆಯನ್ನೂ ಕಾಯಿತು, ಕುಡಿಯುವವನ ಆರೋಗ್ಯವನ್ನೂ ಕಾಯಿತು.

ನೀರು ಕುಡಿಸುವುದನ್ನು ಇಸ್ಲಾಮ್ ಶ್ರೇಷ್ಠ ದಾನವೆಂದು ಕಲಿಸುತ್ತದೆ. ಮದೀನಾದ ರೂಮಾ ಬಾವಿಯನ್ನು ಖರೀದಿಸಿ ಜನರಿಗೆ ಬಿಟ್ಟುಕೊಟ್ಟವರು ಹಝ್ರತ್ ಉಸ್ಮಾನ್(ರ). ಅಗಲಿದ ತಾಯಿಯ ಹೆಸರಿನಲ್ಲಿ ಬಾವಿ ತೋಡಿಸಿದವರು ಹಝ್ರತ್ ಸಅದ್ ಬಿನ್ ಉಬಾದಾ(ರ). ಕೊಟ್ಟವರು ಗತಿಸಿದ ಬಳಿಕವೂ ಪುಣ್ಯ ಹರಿಯುತ್ತಲೇ ಇರುವುದರಿಂದ ಅದನ್ನು ಸದಕಾ ಜಾರಿಯಾ ಎನ್ನುತ್ತೇವೆ. ಆದರೆ ಹರಿಯಬೇಕಾದರೆ ಅದನ್ನು ಕಾಯುವವರೂ ಇರಬೇಕು.

1686ರಲ್ಲಿ ಆದಿಲ್‌ಶಾಹಿ ಅಳಿಯಿತು. ಆಶ್ರಯವಿಲ್ಲದ ಕೊಳವೆಗಳು ಕ್ರಮೇಣ ಹಾಳಾದವು. ಇಂದು ಹಲವು ಗಂಜ್‌ಗಳು ನೀರಿಲ್ಲದೆ ಮೂಕವಾಗಿ ನಿಂತಿವೆ. ಅವುಗಳ ಪಕ್ಕದಲ್ಲಿ ನಿಂತು ಪೂರ್ವಜರ ವೈಭವವನ್ನು ಹೊಗಳುವುದು ಸುಲಭ. ಆದರೆ ಕಟ್ಟುವುದು ಎಷ್ಟು ಮುಖ್ಯವೋ ಉಳಿಸುವುದೂ ಅಷ್ಟೇ ಮುಖ್ಯ. ನಮ್ಮ ಊರಿನ ಹಳೆಯ ಬಾವಿಗೆ ಕಸ ಎಸೆಯುವ ಕೈಗಳನ್ನು ತಡೆಯುವುದು, ಮಸೀದಿಯ ಹೌಝ್‌ನ ನಲ್ಲಿ ಸೋರುತ್ತಿದ್ದರೆ ಅದನ್ನು ಸರಿಪಡಿಸುವುದು, ಮಾಡಿನ ಮಳೆನೀರನ್ನು ನೆಲಕ್ಕೆ ಇಂಗಿಸುವುದು, ಇವೆಲ್ಲ ಸಣ್ಣ ಕೆಲಸಗಳಾಗಿ ಕಾಣಬಹುದು. ಆದರೆ ಮುಂದಿನ ಪೀಳಿಗೆ ಕುಡಿಯುವುದು ನಮ್ಮ ಹೊಗಳಿಕೆಯನ್ನಲ್ಲ, ನಾವು ಉಳಿಸಿದ ನೀರನ್ನು.