ಸಸ್ಯತೈಲ, ಕೊಲೆಸ್ಟರಾಲ್ ಮತ್ತು ಹೃದ್ರೋಗ: ಒಂದು ವೈಜ್ಞಾನಿಕ ಮತದ ಚರಿತ್ರೆ

ಸಸ್ಯಜನ್ಯವಾದ ಎಣ್ಣೆ ಹೃದಯಕ್ಕೆ ಹಿತ, ಪ್ರಾಣಿಜನ್ಯವಾದ ಕೊಬ್ಬು ಅಹಿತ ಎಂಬ ಮತವು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೂಪುಗೊಂಡು, ಕೆಲವೇ ದಶಕಗಳೊಳಗೆ ಜಗತ್ತಿನ ಬಹುಭಾಗದ ಅಡುಗೆಮನೆಗಳನ್ನು ಪ್ರವೇಶಿಸಿತು. ಈ ಮತದ ಒಳಗೆ ಎರಡು ಬೇರೆ ಬೇರೆ ಪ್ರಮೇಯಗಳು ಅಡಗಿವೆ. ಕೆಲವು ಸಸ್ಯತೈಲಗಳ ಸೇವನೆಯಿಂದ ರಕ್ತದಲ್ಲಿರುವ ಕೊಲೆಸ್ಟರಾಲಿನ ಪ್ರಮಾಣ ಇಳಿಯುತ್ತದೆ ಎಂಬುದು ಮೊದಲನೆಯದು. ಹಾಗೆ ಇಳಿಸಿದುದರಿಂದ ಹೃದ್ರೋಗವೂ ಸಾವೂ ಕಡಮೆಯಾಗುತ್ತವೆ ಎಂಬುದು ಎರಡನೆಯದು. ಮೊದಲನೆಯದು 1960ರ ವೇಳೆಗೆ ಸ್ಥಾಪಿತವಾಗಿತ್ತು. ಎರಡನೆಯದರ ವಿಚಾರಣೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಡೆಯಿತು. ಇವೆರಡರ ನಡುವಣ ಅಂತರ ಹೇಗೆ ಮರೆಯಾಯಿತು, ಪ್ರತಿಕೂಲವಾದ ಆಧಾರಗಳು ಎಲ್ಲಿ ಉಳಿದುಕೊಂಡಿದ್ದವು, ಅವು ಹೇಗೆ ಬೆಳಕಿಗೆ ಬಂದವು ಎಂಬುದನ್ನು ಕಾಲಕ್ರಮದಲ್ಲಿ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ವೈದ್ಯಶಾಸ್ತ್ರದ ತೀರ್ಪು ಕೊಡುವುದು ಇತಿಹಾಸಕಾರನ ಕೆಲಸವಲ್ಲ. ಆದರೆ ಆಧಾರಗಳ ಪರೀಕ್ಷೆ ಅವನ ಕೆಲಸವೇ ಸರಿ.

ರುಷ್ಯದ ಪ್ರಯೋಗಗಳು

ಈ ಚರಿತ್ರೆಯ ಆರಂಭವನ್ನು ರುಷ್ಯದ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ಗುರುತಿಸಬಹುದು. 1908ರಲ್ಲಿ ಇಗ್ನಟೋವ್ಸ್ಕಿ ಎಂಬ ವೈದ್ಯನು ಮೊಲಗಳಿಗೆ ಮಾಂಸ, ಹಾಲು, ಮೊಟ್ಟೆಗಳನ್ನು ತಿನ್ನಿಸಿ, ಅವುಗಳ ರಕ್ತನಾಳಗಳ ಗೋಡೆ ದಪ್ಪವಾಗುವುದನ್ನು ಕಂಡನು. ದೋಷವು ಈ ಆಹಾರಗಳ ಯಾವ ಅಂಶದಲ್ಲಿದೆ ಎಂಬುದು ಮುಂದಿನ ಪ್ರಶ್ನೆಯಾಯಿತು. 1913ರಲ್ಲಿ ನಿಕೊಲಾಯ್ ಅನಿಚ್ಕೋವ್ ಮತ್ತು ಅವನ ಸಹೋದ್ಯೋಗಿ ಚಲಟೋವ್ ಶುದ್ಧ ಕೊಲೆಸ್ಟರಾಲನ್ನು ಸೂರ್ಯಕಾಂತಿ ಎಣ್ಣೆಯಲ್ಲಿ ಕರಗಿಸಿ ಮೊಲಗಳಿಗೆ ಕೊಟ್ಟರು. ಅವುಗಳ ರಕ್ತನಾಳಗಳಲ್ಲಿ ಕೊಬ್ಬಿನ ಲೇಪ ಕಟ್ಟಿತು. ಬರಿಯ ಸೂರ್ಯಕಾಂತಿ ಎಣ್ಣೆಯನ್ನು ತಿಂದ ಮೊಲಗಳಲ್ಲಿ ಅಂಥ ವಿಕಾರ ಕಾಣಲಿಲ್ಲ. ಸಸ್ಯತೈಲವು ಹೃದ್ರೋಗದ ಚರಿತ್ರೆಯನ್ನು ಪ್ರವೇಶಿಸಿದುದು ಹೀಗೆ: ಔಷಧವಾಗಿಯೂ ಅಲ್ಲ, ವಿಷವಾಗಿಯೂ ಅಲ್ಲ, ಕೇವಲ ಕರಗಿಸುವ ಮಾಧ್ಯಮವಾಗಿ. ಮೊಲವು ಸಸ್ಯಾಹಾರಿ ಪ್ರಾಣಿಯಾದುದರಿಂದ ಅದರಲ್ಲಿ ಕಂಡುದು ಮನುಷ್ಯನಿಗೂ ಅನ್ವಯಿಸುವುದೆಂದು ಆಗಿನ ವೈದ್ಯಲೋಕ ಸುಲಭವಾಗಿ ಒಪ್ಪಲಿಲ್ಲ. ಹಲವು ದಶಕಗಳ ಕಾಲ ಈ ಸಂಶೋಧನೆಗೆ ತಕ್ಕ ಮನ್ನಣೆ ದೊರೆಯಲಿಲ್ಲ.

ಅಮೆರಿಕದಲ್ಲಿ ಮತದ ಉದಯ

ಎರಡನೆಯ ಮಹಾಯುದ್ಧದ ಅನಂತರ ಅಮೆರಿಕದಲ್ಲಿ ನಡುವಯಸ್ಸಿನ ಗಂಡಸರ ಹೃದಯಾಘಾತವು ಸಾರ್ವಜನಿಕ ಚಿಂತೆಯ ವಿಷಯವಾಯಿತು. 1955ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಐಸನ್‌ಹೋವರ್ ಅವರೇ ಹೃದಯಾಘಾತಕ್ಕೆ ಗುರಿಯಾದಾಗ ಆ ಚಿಂತೆ ಮನೆಮನೆಯನ್ನು ಮುಟ್ಟಿತು. ಇದಕ್ಕೆ ಮುಂಚೆಯೇ, 1952ರಲ್ಲಿ, ಕ್ಯಾಲಿಫೋರ್ನಿಯದ ಲಾರೆನ್ಸ್ ಕಿನ್ಸೆಲ್ ಪ್ರಾಣಿಜನ್ಯ ಕೊಬ್ಬಿಗೆ ಬದಲಾಗಿ ಸಸ್ಯತೈಲವನ್ನು ಕೊಟ್ಟರೆ ರಕ್ತದ ಕೊಲೆಸ್ಟರಾಲ್ ಗಣನೀಯವಾಗಿ ಇಳಿಯುವುದೆಂದು ತೋರಿಸಿದ್ದನು. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಆರೆನ್ಸ್ ಈ ಪ್ರಶ್ನೆಯನ್ನು ಮತ್ತಷ್ಟು ಸೂಕ್ಷ್ಮವಾಗಿ ವಿವೇಚಿಸಿದನು. ಕೊಬ್ಬು ಪ್ರಾಣಿಯಿಂದ ಬಂದಿತೋ ಸಸ್ಯದಿಂದ ಬಂದಿತೋ ಎಂಬುದು ಮುಖ್ಯವಲ್ಲ. ಅದರ ಆಮ್ಲಗಳು ಜಲಜನಕದಿಂದ ತುಂಬಿದ ಪರ್ಯಾಪ್ತ ಆಮ್ಲಗಳೋ, ಇನ್ನೂ ಎಡೆಯಿರುವ ಅಪರ್ಯಾಪ್ತ ಆಮ್ಲಗಳೋ ಎಂಬುದೇ ಮುಖ್ಯ ಎಂಬುದು ಇಂಥ ಅಧ್ಯಯನಗಳಿಂದ ಸ್ಪಷ್ಟವಾಯಿತು. ಕೊಬ್ಬರಿ ಎಣ್ಣೆ ಸಸ್ಯಜನ್ಯವಾದರೂ ಅದರಲ್ಲಿ ಪರ್ಯಾಪ್ತ ಆಮ್ಲಗಳೇ ಅಧಿಕ. ಕುಸುಬೆ, ಸೂರ್ಯಕಾಂತಿ, ಮುಸುಕಿನ ಜೋಳಗಳ ಎಣ್ಣೆಯಲ್ಲಿ ಅಪರ್ಯಾಪ್ತವಾದ ಲಿನೊಲೀಕ್ ಆಮ್ಲ ಅಧಿಕ.

ಇದೇ ಕಾಲದಲ್ಲಿ ಮಿನೆಸೋಟ ವಿಶ್ವವಿದ್ಯಾನಿಲಯದ ಆನ್ಸೆಲ್ ಕೀಸ್ ಮುಂದೆ ಬಂದನು. 1953ರಲ್ಲಿ ಆತನು ಆರು ದೇಶಗಳ ಅಂಕಿಅಂಶಗಳನ್ನು ಒಂದು ರೇಖಾಚಿತ್ರದಲ್ಲಿ ಜೋಡಿಸಿ, ಕೊಬ್ಬಿನ ಸೇವನೆ ಹೆಚ್ಚಿದಂತೆ ಹೃದ್ರೋಗದ ಸಾವುಗಳೂ ಹೆಚ್ಚುವುದನ್ನು ತೋರಿಸಿದನು. 1958ರಲ್ಲಿ ಆರಂಭವಾದ ‘ಏಳು ದೇಶಗಳ ಅಧ್ಯಯನ’ವು ಫಿನ್ಲೆಂಡಿನಿಂದ ಜಪಾನಿನವರೆಗೆ ಹಬ್ಬಿದ ಮಹತ್ತರ ಪ್ರಯತ್ನ. 1961ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್, ಹೃದ್ರೋಗದ ಭಯವುಳ್ಳವರು ಪ್ರಾಣಿಜನ್ಯ ಕೊಬ್ಬನ್ನು ಕಡಮೆಮಾಡಿ ಅದರ ಸ್ಥಾನದಲ್ಲಿ ಸಸ್ಯತೈಲವನ್ನು ಬಳಸಬಹುದೆಂದು ಸಲಹೆಯಿತ್ತಿತು. ಎರಡನೆಯ ಪ್ರಮೇಯವನ್ನು ಪರೀಕ್ಷಿಸುವ ದೊಡ್ಡ ಪ್ರಯೋಗಗಳು ಆಗ ಇನ್ನೂ ನಡೆಯುತ್ತಿದ್ದವು, ಅಥವಾ ಆರಂಭವೇ ಆಗಿರಲಿಲ್ಲ. ಸಲಹೆ ಮುಂದೆ ನಡೆಯಿತು. ಪ್ರಮಾಣ ಅದರ ಹಿಂದೆ ಬಂದಿತು.

ಅನುಕೂಲ ಮತ್ತು ಪ್ರತಿಕೂಲ ಪ್ರಯೋಗಗಳು

ಮೊದಲು ಬಂದ ಫಲಿತಾಂಶಗಳು ಬಹುಮಟ್ಟಿಗೆ ಅನುಕೂಲವಾಗಿದ್ದವು. ನಾರ್ವೆಯ ಆಸ್ಲೊ ನಗರದಲ್ಲಿ ಪಾಲ್ ಲೆರೆನ್, ಒಮ್ಮೆ ಹೃದಯಾಘಾತವಾಗಿದ್ದ 412 ಮಂದಿ ಗಂಡಸರಲ್ಲಿ ಅರ್ಧದಷ್ಟು ಜನರಿಗೆ ಸೋಯಾ ಎಣ್ಣೆ ಪ್ರಧಾನವಾದ ಆಹಾರವನ್ನು ಗೊತ್ತುಮಾಡಿದನು. ಅವರಲ್ಲಿ ರೋಗದ ಮರುಕಳಿಕೆ ಕಡಮೆಯಾಯಿತೆಂದು 1966ರಲ್ಲಿ ಪ್ರಕಟಿಸಿದನು. ಲಾಸ್ ಏಂಜಲೀಸ್ ನಗರದ ನಿವೃತ್ತ ಸೈನಿಕರ ನಿವಾಸದಲ್ಲಿ ಸೇಮೂರ್ ಡೇಟನ್ 846 ಮಂದಿಯ ಮೇಲೆ ನಡೆಸಿದ ಪ್ರಯೋಗದ ವರದಿ 1969ರಲ್ಲಿ ಬಂದಿತು. ಅದರಲ್ಲಿ ಹೃದಯ ಮತ್ತು ರಕ್ತನಾಳಗಳ ರೋಗದಿಂದಾದ ಸಾವುಗಳು ಕಡಮೆಯಾಗಿದ್ದವು. ಆದರೆ ಎಲ್ಲ ಕಾರಣಗಳಿಂದಾದ ಒಟ್ಟು ಸಾವುಗಳ ಸಂಖ್ಯೆ ಎರಡು ಗುಂಪುಗಳಲ್ಲಿಯೂ ಹೆಚ್ಚುಕಡಮೆ ಸಮವಾಗಿತ್ತು. ಫಿನ್ಲೆಂಡಿನ ಎರಡು ಮಾನಸಿಕ ಆಸ್ಪತ್ರೆಗಳಲ್ಲಿ 1959ರಿಂದ 1971ರವರೆಗೆ ನಡೆದ ಅಧ್ಯಯನವೂ ಸಸ್ಯತೈಲದ ಪಕ್ಷವನ್ನೇ ಸಮರ್ಥಿಸಿತು. ಆದರೆ ಅಲ್ಲಿ ವ್ಯಕ್ತಿಗಳನ್ನು ಚೀಟಿ ಎತ್ತಿ ಹಂಚಿರಲಿಲ್ಲ. ಇಡೀ ಆಸ್ಪತ್ರೆಗಳ ಆಹಾರವನ್ನೇ ಅದಲುಬದಲು ಮಾಡಲಾಗಿತ್ತು.

ಇನ್ನೆರಡು ಪ್ರಯೋಗಗಳ ಗತಿ ಬೇರೆಯಾಯಿತು. ಆಸ್ಟ್ರೇಲಿಯದ ಸಿಡ್ನಿಯಲ್ಲಿ 1966ರಿಂದ 1973ರವರೆಗೆ 458 ಮಂದಿ ಹೃದ್ರೋಗಿಗಳ ಅಧ್ಯಯನ ನಡೆಯಿತು. ಅವರಲ್ಲಿ ಒಂದು ಗುಂಪಿಗೆ ಕುಸುಬೆ ಎಣ್ಣೆಯನ್ನೂ ಅದರಿಂದ ಮಾಡಿದ ಮಾರ್ಗರೀನನ್ನೂ ಗೊತ್ತುಮಾಡಲಾಗಿತ್ತು. ಆ ಗುಂಪಿನಲ್ಲಿಯೇ ಹೆಚ್ಚು ಸಾವುಗಳಾದವೆಂದು 1978ರಲ್ಲಿ ತಿಳಿದರೂ, ಆ ಸಾವುಗಳಲ್ಲಿ ಹೃದ್ರೋಗದಿಂದಾದುವು ಎಷ್ಟೆಂಬ ವಿವರ ಹೊರಬೀಳಲಿಲ್ಲ. ಮೂಲ ದತ್ತಾಂಶಗಳನ್ನು ಪುನಃ ಹೊರತೆಗೆದು 2013ರಲ್ಲಿ ಗಣಿಸಿದಾಗ, ಹೃದಯ ಮತ್ತು ರಕ್ತನಾಳಗಳ ರೋಗದಿಂದ ಸತ್ತವರು ಕುಸುಬೆ ಎಣ್ಣೆಯ ಗುಂಪಿನಲ್ಲಿ ಶೇಕಡ 17.2, ಇನ್ನೊಂದು ಗುಂಪಿನಲ್ಲಿ ಶೇಕಡ 11 ಎಂದು ಕಂಡುಬಂದಿತು.

ಎರಡನೆಯದು ಕೀಸನ ವಿಶ್ವವಿದ್ಯಾನಿಲಯದಲ್ಲಿಯೇ ಹುಟ್ಟಿದ ‘ಮಿನೆಸೋಟ ಹೃದ್ರೋಗ ಪ್ರಯೋಗ’. ಐವನ್ ಫ್ರಾಂಟ್ಸ್ ಇದರ ಮುಖ್ಯಸ್ಥ. 1968ರಿಂದ 1973ರವರೆಗೆ ಆರು ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿಯೂ ಒಂದು ವೃದ್ಧರ ಶುಶ್ರೂಷಾಲಯದಲ್ಲಿಯೂ ಒಂಬತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಈ ಪ್ರಯೋಗವು ಆ ವರ್ಗದ ಪ್ರಯೋಗಗಳಲ್ಲೆಲ್ಲ ದೊಡ್ಡದು. ಬೆಣ್ಣೆ ಮುಂತಾದುವಕ್ಕೆ ಬದಲಾಗಿ ಮುಸುಕಿನ ಜೋಳದ ಎಣ್ಣೆ ತಿಂದವರ ಕೊಲೆಸ್ಟರಾಲ್ ಶೇಕಡ 14ರಷ್ಟು ಇಳಿಯಿತು; ಇತರರಲ್ಲಿ ಇಳಿದುದು ಶೇಕಡ 1 ಮಾತ್ರ. ಮೊದಲನೆಯ ಪ್ರಮೇಯ ಹೀಗೆ ನಿಸ್ಸಂದೇಹವಾಗಿ ಸಿದ್ಧವಾಯಿತು. ಆದರೆ ಸಾವುಗಳಲ್ಲಿ ಇಳಿತ ಕಾಣಲಿಲ್ಲ. ಪ್ರಯೋಗ ಮುಗಿದು ಹದಿನಾರು ವರ್ಷಗಳಾದ ಮೇಲೆ, 1989ರಲ್ಲಿ, ಅದರ ಮುಖ್ಯ ಫಲಿತಾಂಶ ಅಚ್ಚಾಯಿತು. ಅಷ್ಟರೊಳಗೆ ಆಹಾರದ ಸಲಹೆಗಳು ಅನೇಕ ದೇಶಗಳಲ್ಲಿ ಬೇರೂರಿದ್ದವು.

ಫ್ರಾಂಟ್ಸ್ 2009ರಲ್ಲಿ ತೀರಿಕೊಂಡನು. ಅನಂತರ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕ್ರಿಸ್ಟೊಫರ್ ರ್‍ಯಾಮ್ಸ್‌ಡೆನ್ ಈ ಪ್ರಯೋಗದ ಮೂಲ ದಾಖಲೆಗಳನ್ನು ಅರಸಿದಾಗ, ಫ್ರಾಂಟ್ಸನ ಮಗನು ತಂದೆಯ ಮನೆಯ ನೆಲಮಾಳಿಗೆಯಲ್ಲಿ ಕಡತಗಳನ್ನೂ ಹಳೆಯ ಗಣಕಯಂತ್ರದ ಸುರುಳಿಗಳನ್ನೂ ಪತ್ತೆಹಚ್ಚಿದನು. ವಿಶ್ವವಿದ್ಯಾನಿಲಯಕ್ಕೆ 1981ರಲ್ಲಿ ಸಲ್ಲಿಸಿದ್ದ ಒಂದು ಸ್ನಾತಕೋತ್ತರ ಪ್ರಬಂಧದಲ್ಲಿಯೂ ಅಪ್ರಕಟಿತ ವಿವರಗಳಿದ್ದವು. 2016ರಲ್ಲಿ ಪ್ರಕಟವಾದ ಮರುವಿಶ್ಲೇಷಣೆಯಲ್ಲಿ ಒಂದು ಅನಿರೀಕ್ಷಿತ ಸಂಗತಿ ಹೊರಪಟ್ಟಿತು: ಕೊಲೆಸ್ಟರಾಲ್ 30 ಮಿಲಿಗ್ರಾಮಿನಷ್ಟು ಇಳಿದಾಗಲೆಲ್ಲ ಸಾವಿನ ಸಂಭವ ಶೇಕಡ 22ರಷ್ಟು ಹೆಚ್ಚಾಗಿತ್ತು.

ಆಧಾರಗಳ ತೂಕ

ಇಷ್ಟರಿಂದ ಸಸ್ಯತೈಲವೇ ಮಾರಕವೆಂದು ನಿರ್ಣಯಿಸುವುದು ದುಡುಕಾದೀತು. ಮಿನೆಸೋಟದ ಆಸ್ಪತ್ರೆಗಳಿಂದ ರೋಗಿಗಳು ಬೇಗ ಬೇಗ ಬಿಡುಗಡೆ ಹೊಂದುತ್ತಿದ್ದ ಕಾರಣ, ಒಬ್ಬೊಬ್ಬರು ಆ ಆಹಾರವನ್ನು ಉಂಡುದು ಸರಾಸರಿ ಸುಮಾರು ಒಂದು ವರ್ಷ ಮಾತ್ರ. ಶವಪರೀಕ್ಷೆಯ ಕಡತಗಳಲ್ಲಿ ಅರ್ಧದಷ್ಟು ಮಾತ್ರ ಕೈಗೆ ಬಂದವು. ಕಾಯಿಲೆಯಿಂದ ಕುಗ್ಗುತ್ತಿರುವವರ ಕೊಲೆಸ್ಟರಾಲ್ ತಾನಾಗಿಯೇ ಇಳಿಯಬಹುದಾದುದರಿಂದ, ಇಳಿತವೇ ಸಾವಿನ ಕಾರಣವೆಂದು ಹೇಳಲಾಗದು. ಅಲ್ಲದೆ ಕೊಲೆಸ್ಟರಾಲಿನ ಪಾತ್ರವು ಬೇರೊಂದು ಮಾರ್ಗದಿಂದ ದೃಢಪಟ್ಟಿದೆ. 1994ರಲ್ಲಿ ಸ್ಕ್ಯಾಂಡಿನೇವಿಯದ 4444 ಹೃದ್ರೋಗಿಗಳ ಅಧ್ಯಯನದಲ್ಲಿ, ಕೊಲೆಸ್ಟರಾಲ್ ಇಳಿಸುವ ಸಿಮ್ವಾಸ್ಟಾಟಿನ್ ಔಷಧದಿಂದ ಒಟ್ಟು ಸಾವುಗಳು ಶೇಕಡ 30ರಷ್ಟು ತಗ್ಗಿದವು. ಆದಕಾರಣ ಕೊಲೆಸ್ಟರಾಲ್ ನಿರ್ದೋಷಿ ಎಂಬ ವಾದ ನಿಲ್ಲದು. ಅಳತೆ ಹೇಗೆ ಇಳಿಯಿತು, ಯಾವ ಪದಾರ್ಥದಿಂದ ಇಳಿಯಿತು, ಆ ಪದಾರ್ಥ ದೇಹದಲ್ಲಿ ಇನ್ನೇನು ಮಾಡಿತು ಎಂಬ ಪ್ರಶ್ನೆಗಳನ್ನು ಕೇಳದೆ, ಅಳತೆಯನ್ನೇ ಫಲವೆಂದು ಎಣಿಸಬಾರದು ಎಂಬುದಷ್ಟೇ ಈ ಪ್ರಯೋಗಗಳಿಂದ ವಿದಿತವಾಗುತ್ತದೆ.

ಯಾವ ಆಧಾರವನ್ನು ಸ್ವೀಕರಿಸಬೇಕೆಂಬುದರಲ್ಲಿಯೂ ತಜ್ಞರು ಏಕಾಭಿಪ್ರಾಯವುಳ್ಳವರಲ್ಲ. 2017ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್, ಆಸ್ಲೊ, ಲಾಸ್ ಏಂಜಲೀಸ್, ಫಿನ್ಲೆಂಡುಗಳ ಜೊತೆಗೆ ಬ್ರಿಟನ್ನಿನ ಒಂದು ಪ್ರಯೋಗವನ್ನು ಆಯ್ದುಕೊಂಡು, ಪರ್ಯಾಪ್ತ ಕೊಬ್ಬಿನ ಬದಲು ಇಂಥ ಎಣ್ಣೆಗಳನ್ನು ಬಳಸಿದರೆ ಹೃದ್ರೋಗ ಶೇಕಡ 30ರಷ್ಟು ಕಡಮೆಯಾಗುವುದೆಂದು ಹೇಳಿತು. ಅವಧಿಯ ಅಲ್ಪತೆಯಿಂದ ಮಿನೆಸೋಟವನ್ನೂ, ಮಾರ್ಗರೀನಿನ ದೋಷದಿಂದ ಸಿಡ್ನಿಯನ್ನೂ ಕೈಬಿಟ್ಟಿತು. ಹೆಚ್ಚು ಪ್ರಯೋಗಗಳನ್ನು ಸೇರಿಸಿಕೊಂಡ 2020ರ ಕಾಕ್ರೇನ್ ಸಮೀಕ್ಷೆಯಲ್ಲಿ, ಪರ್ಯಾಪ್ತ ಕೊಬ್ಬನ್ನು ತಗ್ಗಿಸಿದವರಿಗೆ ಹೃದಯ ಮತ್ತು ರಕ್ತನಾಳಗಳ ವ್ಯಾಧಿ ಬರುವುದು ಶೇಕಡ 17ರಷ್ಟು ಕಡಮೆಯಾಗಿತ್ತು. ಒಟ್ಟು ಸಾವುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಪ್ರಯೋಜನವುಂಟು, ಆದರೆ ಅದು 1960ರ ದಶಕದ ಉತ್ಸಾಹವು ನಿರೀಕ್ಷಿಸಿದಷ್ಟು ದೊಡ್ಡದಲ್ಲ ಎಂಬುದು ಇದರ ತಾತ್ಪರ್ಯ.

ಗಟ್ಟಿಯಾದ ಎಣ್ಣೆ

ಮೇಲೆ ಹೇಳಿದ ಮಾರ್ಗರೀನಿನ ದೋಷವನ್ನು ಇಲ್ಲಿ ವಿವರಿಸಬೇಕು. ದ್ರವವಾದ ಎಣ್ಣೆಗೆ ಜಲಜನಕವನ್ನು ಕೂಡಿಸಿ ಗಟ್ಟಿಮಾಡುವ ವಿಧಾನವನ್ನು ಜರ್ಮನಿಯ ವಿಲ್‌ಹೆಲ್ಮ್ ನಾರ್ಮನ್ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಕಂಡುಹಿಡಿದನು. 1911ರಲ್ಲಿ ಅಮೆರಿಕದಲ್ಲಿ ಹತ್ತಿಬೀಜದ ಎಣ್ಣೆಯಿಂದ ಮಾಡಿದ ‘ಕ್ರಿಸ್ಕೊ’ ಮಾರುಕಟ್ಟೆಗೆ ಬಂದಿತು. 1937ರಲ್ಲಿ ಭಾರತದಲ್ಲಿ ‘ಡಾಲ್ಡಾ’ ಬಂದಿತು. ವನಸ್ಪತಿ ಎಂದು ಹೆಸರಾದ ಈ ಪದಾರ್ಥವನ್ನು ಕುರಿತು ನಮ್ಮಲ್ಲಿ ನಡೆದ ವಾದವು ಬಹುಮಟ್ಟಿಗೆ ತುಪ್ಪದ ಕಲಬೆರಕೆಯದು. ಗಾಂಧೀಜಿಯವರೂ ವನಸ್ಪತಿಯನ್ನು ವಿರೋಧಿಸಿದ್ದರು. ಕಲಬೆರಕೆಯನ್ನು ಸುಲಭವಾದ ರಾಸಾಯನಿಕ ಪರೀಕ್ಷೆಯಿಂದ ಹಿಡಿಯಲು ಅನುವಾಗಲೆಂದು ವನಸ್ಪತಿಗೆ ಎಳ್ಳೆಣ್ಣೆಯನ್ನು ಬೆರೆಸುವುದನ್ನು ಸರ್ಕಾರ ಕಡ್ಡಾಯಮಾಡಿತು. ತುಪ್ಪದೊಳಗೆ ವನಸ್ಪತಿ ಇದೆಯೇ ಎಂಬುದನ್ನು ಕಂಡುಹಿಡಿಯಲು ವ್ಯವಸ್ಥೆಯಾಯಿತು. ವನಸ್ಪತಿಯೊಳಗೆ ಏನಿದೆ ಎಂಬ ಪ್ರಶ್ನೆ ಹಿಂದೆಯೇ ಉಳಿಯಿತು.

ಅದಕ್ಕೆ ಉತ್ತರ ದೊರೆತುದು 1990ರಲ್ಲಿ. ಎಣ್ಣೆಯನ್ನು ಅರೆಬರೆ ಗಟ್ಟಿಮಾಡುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು, ಕೆಡುಕಿನ ಕೊಲೆಸ್ಟರಾಲನ್ನು ಏರಿಸಿ ಒಳಿತಿನದನ್ನು ಇಳಿಸುತ್ತದೆಂದು ನೆದರ್ಲೆಂಡಿನ ಮೆನ್ಸಿಂಕ್ ಮತ್ತು ಕಟಾನ್ ತೋರಿಸಿದರು. 2003ರಲ್ಲಿ ಡೆನ್ಮಾರ್ಕ್ ಇದನ್ನು ಕಾಯಿದೆಯಿಂದ ನಿರ್ಬಂಧಿಸಿತು. ಭಾರತದಲ್ಲಿ ಎಣ್ಣೆ ಮತ್ತು ಕೊಬ್ಬುಗಳಲ್ಲಿ ಇದರ ಮಿತಿ 2021ರಲ್ಲಿ ಶೇಕಡ 3ಕ್ಕೂ, 2022ರ ಜನವರಿಯಿಂದ ಶೇಕಡ 2ಕ್ಕೂ ಇಳಿಯಿತು. ಸಸ್ಯಮೂಲವಾದುದರಿಂದಲೇ ನಿರಪಾಯವೆಂದು ತಿಳಿದಿದ್ದ ವಸ್ತುವಿನ ಮೇಲಿನ ಕಾಯಿದೆಯ ಕಡಿವಾಣ ಇಷ್ಟು ಬಿಗಿಯಾಗಲು, ಡಾಲ್ಡಾ ಬಂದಂದಿನಿಂದ ಎಂಬತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

ರೈಲ್ವೆಯ ದಾಖಲೆಗಳು

ಪಾಶ್ಚಾತ್ಯ ಮತವನ್ನು ನಮ್ಮ ದೇಶದ ಆಧಾರಗಳಿಂದ ಪರೀಕ್ಷಿಸಿದವರೂ ಇದ್ದರು. ಪಶ್ಚಿಮ ರೈಲ್ವೆಯ ವೈದ್ಯಾಧಿಕಾರಿ ಎಸ್. ಎಲ್. ಮಲ್ಹೋತ್ರ ಅವರು ಹತ್ತು ಲಕ್ಷಕ್ಕೂ ಮೀರಿದ ರೈಲ್ವೆ ನೌಕರರ ಮರಣದ ದಾಖಲೆಗಳನ್ನು ಪರಿಶೀಲಿಸಿ 1967ರಲ್ಲಿ ಲೇಖನವನ್ನು ಪ್ರಕಟಿಸಿದರು. ಹೃದ್ರೋಗದ ಸಾವು ಪಂಜಾಬಿನವರಿಗಿಂತ ದಕ್ಷಿಣ ಭಾರತದವರಲ್ಲಿ ಏಳುಪಟ್ಟು ಹೆಚ್ಚಾಗಿತ್ತು. ಆದರೆ ಕೊಬ್ಬನ್ನು ಅನೇಕ ಪಟ್ಟು ಹೆಚ್ಚಾಗಿ, ಅದೂ ಬಹುಮಟ್ಟಿಗೆ ಹಾಲು ತುಪ್ಪಗಳ ರೂಪದಲ್ಲಿ ಸೇವಿಸುತ್ತಿದ್ದವರು ಪಂಜಾಬಿನವರು. ದಕ್ಷಿಣದವರ ಅಲ್ಪವಾದ ಕೊಬ್ಬು ಬೀಜದ ಎಣ್ಣೆಗಳಿಂದ ಬರುತ್ತಿತ್ತು. ಹಾಲಿನ ಕೊಬ್ಬಿನ ವಿಶೇಷ ಗುಣ, ಆಹಾರದ ನಾರು, ಅಗಿಯುವ ರೂಢಿ ಇವುಗಳಲ್ಲಿ ಮಲ್ಹೋತ್ರ ಅವರು ಕಾರಣವನ್ನು ಅರಸಿದರು. ಇದರಿಂದ ತುಪ್ಪವೇ ರಕ್ಷಕವೆಂದು ಸಾಧಿಸಲಾಗದು; ಏಕೆಂದರೆ ಎರಡು ಪ್ರದೇಶಗಳ ಜನ ಎಣ್ಣೆಯೊಂದರಲ್ಲಿ ಮಾತ್ರವಲ್ಲದೆ ನೂರು ವಿಷಯಗಳಲ್ಲಿ ಭಿನ್ನರು. ಆದರೆ ಇದೇ ಆಕ್ಷೇಪಣೆ ಕೀಸನ ಆರು ದೇಶಗಳ ರೇಖಾಚಿತ್ರಕ್ಕೂ ಸಲ್ಲುತ್ತದೆ. ಒಪ್ಪಿಗೆಯಾದ ಆಧಾರಕ್ಕೆ ಒಂದು ತಕ್ಕಡಿ, ಒಪ್ಪಿಗೆಯಾಗದುದಕ್ಕೆ ಇನ್ನೊಂದು ತಕ್ಕಡಿ ಸಲ್ಲದು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳನ್ನು ಹೇಳಬಹುದು. ಸಸ್ಯತೈಲವೆಂಬುದು ಒಂದೇ ವಸ್ತುವಲ್ಲ. ಕುಸುಬೆ, ಕೊಬ್ಬರಿ, ವನಸ್ಪತಿಗಳನ್ನು ಒಂದೇ ಹೆಸರಿನಿಂದ ಕರೆದುದೇ ಅನೇಕ ಗೊಂದಲಗಳಿಗೆ ಮೂಲ. ಕೊಲೆಸ್ಟರಾಲಿನ ಇಳಿತವು ಆರೋಗ್ಯದ ಒಂದು ಸೂಚನೆ, ಅದೇ ಆರೋಗ್ಯವಲ್ಲ. ಇವೆರಡಕ್ಕಿಂತಲೂ ಸಂಶೋಧನೆಯಲ್ಲಿ ತೊಡಗಿರುವ ಅಧ್ಯಾಪಕರೂ ವಿದ್ಯಾರ್ಥಿಗಳೂ ಗಮನಿಸಬೇಕಾದುದು ಮೂರನೆಯದು: ನಿರೀಕ್ಷೆಗೆ ವಿರುದ್ಧವಾದ ಫಲವೂ ಫಲವೇ. ಮಿನೆಸೋಟದ ಆಸ್ಪತ್ರೆಗಳಲ್ಲಿ ಒಂಬತ್ತು ಸಾವಿರ ಜನರು, ತಮ್ಮ ಊಟವನ್ನು ತಾವೇ ಆರಿಸಿಕೊಳ್ಳಲಾರದ ಸ್ಥಿತಿಯಲ್ಲಿದ್ದವರು, ಬಡಿಸಿದುದನ್ನು ಉಂಡರು. ಆ ಊಟದಿಂದ ತಿಳಿದುಬಂದುದನ್ನು ಪೂರ್ಣವಾಗಿ ಲೋಕದ ಮುಂದಿಡುವುದು ಅವರಿಗೆ ಸಲ್ಲಬೇಕಾದ ಋಣವಾಗಿತ್ತು. ಆ ಋಣ ತೀರುವುದಕ್ಕೆ ನಾಲ್ವತ್ತಮೂರು ವರ್ಷಗಳು ಬೇಕಾದವು. ತೀರಿದುದೂ ಕಡತಗಳನ್ನು ಯಾರೂ ಎಸೆಯದೆ ಉಳಿಸಿದ್ದರಿಂದ.