ಮೇಳವೇ ಪಾಠಶಾಲೆಯಾಗಿದ್ದಾಗ

ಕಲಾಶಿಕ್ಷಣದಲ್ಲಿ ಪ್ರಜಾಪ್ರಭುತ್ವ ಬೇಕು, ಗುರು-ಶಿಷ್ಯರು ಕೂಡಿ ಕಲಿಯಬೇಕು ಎಂಬ ಮಾತು ವಿಶ್ವವಿದ್ಯಾಲಯಗಳ ವಿಚಾರಸಂಕಿರಣಗಳಲ್ಲಿ ಕೇಳಿಬರುತ್ತದೆ. ಇದನ್ನು ಹೊರಗಿನಿಂದ ಬಂದ ವಿಚಾರವೆಂದು ಭಾವಿಸುವ ಮುನ್ನ ನಾವು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯತ್ತ ಒಮ್ಮೆ ನೋಡುವುದು ಒಳ್ಳೆಯದು.

ಹತ್ತೊಂಬತ್ತನೆಯ ಶತಮಾನದಲ್ಲಿ ಬೈಲಹೊಂಗಲದಲ್ಲಿ ನಡೆದ ಕೊಲೆಯೊಂದು ‘ಸಂಗ್ಯಾ-ಬಾಳ್ಯಾ’ ಸಣ್ಣಾಟವಾಯಿತು. ಅದನ್ನು ಕಟ್ಟಿದವರು ಬೈಲವಾಡದ ಪತ್ತಾರ ಮಾಸ್ತರರು. ಊರಿನ ವ್ಯಾಪಾರಿ, ಅವನ ಹೆಂಡತಿ, ಅವಳನ್ನು ಮೋಹಿಸಿದವ, ನಂಬಿಸಿ ಕೈಬಿಟ್ಟ ಗೆಳೆಯ ಇವರೇ ಅದರ ಪಾತ್ರಗಳು. ಇಂಥ ಆಟಗಳಿಗೆ ಬಿಡುವಿನ ರಾತ್ರಿಗಳಲ್ಲಿ ತಾಲೀಮು ನಡೆಯುತ್ತಿತ್ತು. ಮಾಸ್ತರರು ಹಾಡಿ ತೋರಿಸಿದ್ದನ್ನು ಅಕ್ಷರ ಬಾರದವರೂ ಕೇಳಿ ಕೇಳಿ ಬಾಯಿಪಾಠ ಮಾಡುತ್ತಿದ್ದರು. ಹಿಮ್ಮೇಳದವರು ಎಲ್ಲ ಪಾತ್ರಗಳ ಹಾಡನ್ನೂ ಎತ್ತಿಕೊಳ್ಳಬೇಕಾದ್ದರಿಂದ ಇಡೀ ಆಟ ಅವರಿಗೆ ಬರುತ್ತಿತ್ತು. ಪಾತ್ರಧಾರಿ ತಪ್ಪಿದರೆ ಅವರೇ ಸಾವರಿಸುತ್ತಿದ್ದರು.

ಹರದೇಶಿ-ನಾಗೇಶಿ ಲಾವಣಿಯ ಸವಾಲ್-ಜವಾಬಿನಲ್ಲಿ ಎದುರಿನ ಮೇಳದ ಮಾತನ್ನು ಗಮನವಿಟ್ಟು ಕೇಳದವನು ಉತ್ತರ ಕೊಡಲಾರ. ಇದರ ಹಿಂದಿರುವ ಕಲಗಿ-ತುರಾಯಿ ಪರಂಪರೆ ತುಕನಗೀರ್ ಎಂಬ ಸಂತನನ್ನೂ ಶಾಹ ಅಲಿ ಎಂಬ ಫಕೀರನನ್ನೂ ಮೂಲಪುರುಷರೆಂದು ನೆನೆಯುತ್ತದೆ. ಉತ್ತರ ಕರ್ನಾಟಕದ ಮೊಹರಂ ಪದಗಳನ್ನು ಹಿಂದೂ-ಮುಸ್ಲಿಮರು ಒಟ್ಟಿಗೆ ಕಲಿತು ಕನ್ನಡದಲ್ಲಿ ಹಾಡಿದ್ದಾರೆ.

ಆದರೆ ಈ ಶಾಲೆಯಲ್ಲಿ ಎಲ್ಲರೂ ಸಮಾನರಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಹೆಣ್ಣಿನ ಪಾತ್ರವನ್ನೂ ಗಂಡಸರೇ ಹಾಕುತ್ತಿದ್ದರು. ಇದೇ ಜಿಲ್ಲೆಯ ಕೌಜಲಗಿ ನಿಂಗಮ್ಮನಂಥವರು ಪಾರಿಜಾತದಲ್ಲಿ ಬಣ್ಣ ಹಚ್ಚಿ ಆ ಕಟ್ಟನ್ನು ಮುರಿಯಬೇಕಾಯಿತು.

ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ 1880ರ ದಶಕದಲ್ಲೇ ಸಂಗೊಳ್ಳಿ ರಾಯಣ್ಣನ ಲಾವಣಿಯೂ ಸೇರಿದಂತೆ ಈ ಭಾಗದ ಪದಗಳನ್ನು ಅಚ್ಚು ಹಾಕಿಸಿದ. ಮುಂದೆ ಚಂದ್ರಶೇಖರ ಕಂಬಾರರಂಥವರಿಂದ ‘ಸಂಗ್ಯಾ-ಬಾಳ್ಯಾ’ ನಗರದ ರಂಗಭೂಮಿಗೂ ಬಂತು. ಕಿತ್ತೂರಿನ ರಾಣಿಯ ಹೆಸರಿನಲ್ಲಿ 2010ರಲ್ಲಿ ಬೆಳಗಾವಿಗೆ ವಿಶ್ವವಿದ್ಯಾಲಯ ಬಂತು. 2011ರಲ್ಲಿ ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಹುಟ್ಟಿತು. ಆಟದ ಪಠ್ಯ ತರಗತಿಗೆ ಬರುವುದು ಸುಲಭ. ಅದನ್ನು ಕಲಿಸಬಲ್ಲ ಮಾಸ್ತರರಿಗೆ ಮಾತ್ರ ಬೋಧಕ ಹುದ್ದೆಯ ಪದವಿ ನಿಯಮಗಳು ಅಡ್ಡ ಬರುತ್ತವೆ. ಉಪನ್ಯಾಸಕ್ಕೆ ಕರೆದು ಶಾಲು ಹೊದಿಸಿ ಕಳುಹಿಸಿದರೆ ಅದು ಗೌರವವಾದೀತು, ಶಿಕ್ಷಣವಾಗದು.

ಯುಜಿಸಿ 2022ರಲ್ಲಿ ರೂಪಿಸಿದ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಮಾರ್ಗಸೂಚಿಯಲ್ಲಿ ಅಸಾಧಾರಣ ಅನುಭವವಿರುವವರಿಗೆ ಔಪಚಾರಿಕ ಪದವಿ ಕಡ್ಡಾಯವಲ್ಲ. ಈ ಅವಕಾಶ ಉದ್ಯಮದ ಪರಿಣತರಿಗಷ್ಟೇ ಮೀಸಲಾಗದೆ ಸಣ್ಣಾಟದ ಮಾಸ್ತರರಿಗೂ ಲಾವಣಿಕಾರರಿಗೂ ಸಿಗಬೇಕು. ಹೆಣ್ಣುಮಕ್ಕಳೂ ಸೇರಿ ಒಂದು ತರಗತಿ ಇಡೀ ವರ್ಷ ಒಂದೇ ಆಟವನ್ನು ಕೂಡಿ ಕಲಿಯಲಿ. ನಮ್ಮ ಸೀಮೆಯ ಪರಂಪರೆಯಿಂದ ವಿಶ್ವವಿದ್ಯಾಲಯ ಪಡೆಯಬಹುದಾದ ಮೊದಲ ಪಾಠ ಅದು.